ಅಂಚಿನ ಸುತ್ತು

ವ್ಯಾನಿನಿಂದ ಇಳಿದೊಡನೆ ನಾನು ಮೊಣಕಾಲೂರಿ ಹುಲ್ಲನ್ನು ನೋಡುತ್ತೇನೆ. ಯಂತ್ರದ ಸರದಿ ಆಮೇಲೆ ಬರುತ್ತದೆ. ಇಬ್ಬನಿ ಇನ್ನೂ ಆರಿರದ ಹೊತ್ತಿನಲ್ಲಿ ನಾಲ್ಕು ಎಸಳು ಕಿತ್ತು, ಅಂಗೈ ಮೇಲಿಟ್ಟುಕೊಂಡು, ತುದಿಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಯಂತ್ರದ ಸ್ಥಿತಿ ಅರ್ಧದಷ್ಟು ಅಲ್ಲಿಯೇ ತಿಳಿದುಬಿಡುತ್ತದೆ. ಹರಿತವಾದ ಅಲಗು ತಾಗಿದ ಎಸಳಿನ ತುದಿ ಕತ್ತರಿಗೆ ಸಿಕ್ಕ ಕಾಗದದಂತೆ ನೇರವಾಗಿರುತ್ತದೆ. ಮೊಂಡಾದ ಅಲಗು ಎಸಳನ್ನು ಜಗ್ಗಿ ಹರಿದಿರುತ್ತದೆ. ತುದಿಯಲ್ಲಿ ನಾರು ಎದ್ದು, ಮರುದಿನ ಬಿಳಿಚಿಕೊಂಡು, ಮತ್ತೆರಡು ದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ದೂರದಿಂದ ನೋಡಿದವರಿಗೆ ಮೈದಾನಕ್ಕೆ ನೀರು ಸಾಲದೆ ಬಂದಿದೆ ಎನಿಸುತ್ತದೆ. ಹಾಗೆಂದುಕೊಂಡು ನೀರು ಹೆಚ್ಚಿಸಿ, ಗೊಬ್ಬರ ಹಾಕಿ, ರೋಗದ ಔಷಧಿಯನ್ನೂ ಹೊಡೆದು, ಕೊನೆಗೆ ನನಗೆ ಫೋನು ಮಾಡಿದ ಕಡೆಗಳು ಒಂದೆರಡಲ್ಲ.

ನಾನು ಟರ್ಫ್ ಯಂತ್ರಗಳ ತಂತ್ರಜ್ಞ; ಅದು ಏನು ಕೆಲಸವೆಂದು ಊರಿನಲ್ಲಿ ಹೇಳುವುದು ಸುಲಭವಲ್ಲ. ಬೆಂಗಳೂರಿನ ಹಿರಿಯರಿಗೆ ಟರ್ಫ್ ಎಂದರೆ ಕುದುರೆ ರೇಸು. ಇಂದಿನ ಹುಡುಗರಿಗೆ ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ, ಪ್ಲಾಸ್ಟಿಕ್ ಹುಲ್ಲು ಹಾಸಿದ ಫುಟ್‌ಬಾಲ್ ಅಂಕಣ. ನಾನು ನೋಡಿಕೊಳ್ಳುವುದು ಜೀವವಿರುವ ಹುಲ್ಲನ್ನು ಕತ್ತರಿಸುವ, ಅದರ ಮಣ್ಣನ್ನು ಚುಚ್ಚಿ ಗಾಳಿಯಾಡಿಸುವ, ಮೇಲೆ ಮರಳು ಹರಡುವ, ರೋಲರ್ ಹಾಯಿಸುವ ಯಂತ್ರಗಳನ್ನು. ಗಾಲ್ಫ್ ಕೋರ್ಸುಗಳು, ಕ್ರಿಕೆಟ್ ಮೈದಾನಗಳು, ಕೆಲವು ರೆಸಾರ್ಟುಗಳು, ಒಂದೆರಡು ದೊಡ್ಡ ಕಾರ್ಖಾನೆಗಳ ಉದ್ಯಾನಗಳು ನನ್ನ ಗಿರಾಕಿಗಳು. ಈ ಯಂತ್ರಗಳನ್ನು ವರ್ಕ್‌ಶಾಪಿಗೆ ಸಾಗಿಸುವುದು ದುಬಾರಿ; ಒಂದು ದಿನ ಯಂತ್ರ ನಿಂತರೂ ಹುಲ್ಲು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ವರ್ಕ್‌ಶಾಪೇ ಯಂತ್ರದ ಬಳಿಗೆ ಹೋಗಬೇಕಾಗುತ್ತದೆ. ಬೆಂಗಳೂರಿನಿಂದ ಹೊರಟು ಮೈಸೂರು, ಕೊಡಗು, ಚಿಕ್ಕಮಗಳೂರು ಸುತ್ತಿ ಬರುವಷ್ಟರಲ್ಲಿ ವಾರವೇ ಕಳೆದಿರುತ್ತದೆ.

ಐಟಿಐ ಮುಗಿಸಿ ಟ್ರ್ಯಾಕ್ಟರ್ ರಿಪೇರಿಯಲ್ಲಿ ಕೈ ಪಳಗಿಸಿಕೊಂಡವನು ನಾನು. ಅಪ್ಪ ರಾಗಿ ಬೆಳೆಯುತ್ತಿದ್ದರು. ಹೊಲದಲ್ಲಿ ಗರಿಕೆ ಕಂಡರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೂ ಮತ್ತೆ ಹಬ್ಬುತ್ತದೆಂದು ಗುದ್ದಲಿಯಿಂದ ಅಗೆದು, ಬದುವಿನ ಮೇಲೆ ಒಣಗಿಸಿ, ಸುಡುತ್ತಿದ್ದರು. ಈ ಕೆಲಸಕ್ಕೆ ಸೇರಿದ ಮೊದಲ ವಾರ, ವಿದೇಶದಿಂದ ತಂದ ಲಕ್ಷಗಟ್ಟಲೆ ಬೆಲೆಯ ಯಂತ್ರವೊಂದು ಅತ್ಯಂತ ಜತನದಿಂದ ಸವರುತ್ತಿದ್ದ ಬರ್ಮುಡಾ ಹುಲ್ಲು ನಮ್ಮ ಗರಿಕೆಯೇ ಎಂದು ತಿಳಿದಾಗ ನಾನು ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತಿದ್ದೆ. ಗಾಲ್ಫ್ ಗ್ರೀನುಗಳಲ್ಲಿ, ಅಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿನಲ್ಲಿ, ಬೆಳೆಸುವ ಟಿಫ್‌ಡ್ವಾರ್ಫ್, ಟಿಫ್‌ಈಗಲ್ ಮೊದಲಾದ ಕುಳ್ಳು ತಳಿಗಳು ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಊರಿನಿಂದ ಬಂದವು. ಅವುಗಳ ಮೂಲದಲ್ಲಿರುವುದು ಗಣೇಶ ಚೌತಿಗೆ ನಾವು ಬೆಳಿಗ್ಗೆ ಎದ್ದು ಕೊಯ್ದು ತರುವ ಗರಿಕೆ ಮತ್ತು ಅದರ ಆಫ್ರಿಕದ ಸೋದರ ಜಾತಿಯೊಂದು. ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಬಗ್ಗಿ ಒಂದು ಎಳೆ ಕಿತ್ತು, ಗೆಣ್ಣು ಮುರಿದು ನೋಡಿ, ಅದನ್ನು ಮಣ್ಣಿಗೆ ಹಾಕದೆ ಜೇಬಿಗೆ ಹಾಕಿಕೊಂಡರು.

ಗ್ರೀನಿನ ಹುಲ್ಲನ್ನು 3ರಿಂದ 4 ಮಿ.ಮೀ. ಎತ್ತರಕ್ಕೆ ಕತ್ತರಿಸಲಾಗುತ್ತದೆ. ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು ಎತ್ತರ ಅದು. ಮನೆಯಂಗಳದ ಹುಲ್ಲು ಕತ್ತರಿಸುವ, ಫ್ಯಾನಿನಂತೆ ಸುತ್ತುವ ಅಲಗಿನ ಯಂತ್ರಕ್ಕೆ ಇದು ಸಾಧ್ಯವಿಲ್ಲ. ಇದಕ್ಕೆ ರೀಲ್ ಮೋವರ್ ಬೇಕು. ಉದ್ದನೆಯ ಸಿಲಿಂಡರಿನ ಸುತ್ತ ತಿರುಚಿಕೊಂಡಂತೆ ಹನ್ನೊಂದೋ ಹದಿನಾಲ್ಕೋ ಅಲಗುಗಳು; ಅವುಗಳ ಕೆಳಗೆ ಅಲುಗಾಡದೆ ನಿಂತ ಒಂದು ಚಪ್ಪಟೆ ಪಟ್ಟಿ, ಅಂದರೆ ಬೆಡ್‌ನೈಫ್. ತಿರುಗುವ ಅಲಗು ಎಸಳನ್ನು ತಂದು ಪಟ್ಟಿಗೆ ಒರಗಿಸುತ್ತದೆ, ಇವೆರಡರ ನಡುವೆ ಎಸಳು ತುಂಡಾಗುತ್ತದೆ. ಇದು ಕತ್ತರಿಯ ಕೆಲಸವೇ. ಮನುಷ್ಯ ನಡೆಯುವ ವೇಗದಲ್ಲಿ ಯಂತ್ರ ಸಾಗುತ್ತಿದ್ದರೆ, ಹೆಚ್ಚುಕಡಿಮೆ ಪ್ರತಿ 5 ಮಿ.ಮೀ. ನೆಲಕ್ಕೆ ಒಂದು ಅಲಗು ಬಂದು ಕತ್ತರಿಸಿ ಹೋಗುತ್ತದೆ. ಈ ಲೆಕ್ಕ ತಪ್ಪಿದರೆ ನೆಲದ ಮೇಲೆ ಅಲೆ ಏಳುತ್ತದೆ.

ಈ ಯಂತ್ರವನ್ನು ಮೊದಲು ಮಾಡಿದವನು ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್. ಅಲ್ಲಿನ ಉಣ್ಣೆ ಗಿರಣಿಗಳಲ್ಲಿ ಬಟ್ಟೆಯ ಮೇಲೆದ್ದ ನವಿರನ್ನು ಹೆರೆದು ನುಣುಪು ಮಾಡುವ ಯಂತ್ರವೊಂದಿತ್ತು. ಬಟ್ಟೆಯ ಮೇಲಿನ ನವಿರನ್ನು ಸಮ ಮಾಡುವುದಾದರೆ ನೆಲದ ಮೇಲಿನ ಹುಲ್ಲನ್ನೇಕೆ ಸಮ ಮಾಡಬಾರದು ಎಂದು ಅವನಿಗೆ ಹೊಳೆಯಿತು. 1830ರಲ್ಲಿ ಪೇಟೆಂಟ್ ಪಡೆದ. ತಿರುಪು ತಿರುಗಿಸಿ ಬಾಯಿ ಹಿಗ್ಗಿಸುವ ಸ್ಪ್ಯಾನರನ್ನು ರೂಪಿಸಿದ ಕೀರ್ತಿಯೂ ಅವನ ಹೆಸರಿಗಿದೆ. ನನ್ನ ಪೆಟ್ಟಿಗೆಯಲ್ಲಿ ಅಂಥದೊಂದು ಸದಾ ಇರುತ್ತದೆ. ಅದನ್ನು ಕೈಗೆತ್ತಿಕೊಂಡಾಗಲೆಲ್ಲ, ಸುಮಾರು ಇನ್ನೂರು ವರ್ಷದ ಹಿಂದೆ ಯಂತ್ರದ ಜೊತೆಗೆ ಅದನ್ನು ಬಿಚ್ಚುವವನನ್ನೂ ನೆನೆದ ಆ ಮನುಷ್ಯನ ಬಗ್ಗೆ ನನಗೆ ಗೌರವ ಮೂಡುತ್ತದೆ.

ಯಂತ್ರದ ದೋಷ ಹುಲ್ಲಿನ ಮೇಲೆ ಬೇರೆ ಬೇರೆ ರೀತಿಯಲ್ಲಿ ಬರೆದಿರುತ್ತದೆ. ಯಂತ್ರ ಸಾಗಿದ ದಿಕ್ಕಿನಲ್ಲಿಯೇ ಕತ್ತರಿಸದೆ ಉಳಿದ ಒಂದು ಎಳೆಯಷ್ಟು ಅಗಲದ ಗೆರೆ ಉದ್ದಕ್ಕೂ ಕಂಡರೆ, ಬೆಡ್‌ನೈಫಿನಲ್ಲಿ ಎಲ್ಲೋ ಒಂದು ಕಡೆ ಮುಕ್ಕಾಗಿದೆ. ಕಲ್ಲೋ, ಆಟಗಾರರ ಶೂ ಮೊಳೆಯೋ ಸಿಕ್ಕಿರುತ್ತದೆ. ಅಡ್ಡಡ್ಡವಾಗಿ, ಬಟ್ಟೆ ಒಗೆಯುವ ಕಲ್ಲಿನ ಗೀರುಗಳಂತೆ ಸಾಲು ಸಾಲು ಅಲೆಗಳು ಕಂಡರೆ, ಯಂತ್ರದ ವೇಗಕ್ಕೂ ರೀಲ್ ಸುತ್ತುವುದಕ್ಕೂ ಹೊಂದಾಣಿಕೆ ತಪ್ಪಿದೆ ಎಂದು ಅನುಮಾನಿಸಬಹುದು. ಒಂದು ಪಟ್ಟಿ ಎತ್ತರ, ಪಕ್ಕದ ಪಟ್ಟಿ ತಗ್ಗು ಎಂದಾದರೆ ರೋಲರ್ ಸಮನಾಗಿಲ್ಲ, ಅಥವಾ ರೀಲ್ ಒಂದು ತುದಿಯಲ್ಲಿ ಹೆಚ್ಚು ಸವೆದು ಕ್ಯಾರೆಟ್ಟಿನ ಆಕಾರಕ್ಕೆ ಬಂದಿದೆ. ಇಷ್ಟನ್ನು ಯಾವ ಕೈಪಿಡಿಯಾದರೂ ಕಲಿಸುತ್ತದೆ. ಕೈಪಿಡಿ ಕಲಿಸದ ಒಂದು ಸಂಗತಿಯನ್ನು ನಾನು ತಡವಾಗಿ ಕಲಿತೆ. ಈ ಬರಹ ಅದಕ್ಕಾಗಿಯೇ.

ಕೊಡಗಿನ ಒಂದು ಗಾಲ್ಫ್ ಕೋರ್ಸಿನಲ್ಲಿ ಗ್ರೀನು ಕತ್ತರಿಸುವ ಟ್ರಿಪ್ಲೆಕ್ಸ್ ಯಂತ್ರವಿತ್ತು. ಮೇಲೆ ಕುಳಿತು ಓಡಿಸುವಂಥದ್ದು. ಮುಂದೆ ಎರಡು, ಹೊಟ್ಟೆಯ ಕೆಳಗೆ ಒಂದು, ಹೀಗೆ ಮೂರು ರೀಲುಗಳಿರುತ್ತವೆ. ಬಲಗಡೆಯ ರೀಲು ಸಾಣೆ ಹಿಡಿದ ನಾಲ್ಕನೆಯ ದಿನಕ್ಕೇ ಮೊಂಡಾಗುತ್ತದೆ ಎಂದು ದೂರು. ನಾನು ಹೋದೆ. ಹುಲ್ಲು ನೋಡಿದೆ, ತುದಿಗಳು ಹರಿದಿದ್ದವು. ರೀಲನ್ನು ಹಿಮ್ಮುಖವಾಗಿ ತಿರುಗಿಸುತ್ತಾ, ಉದ್ದ ಹಿಡಿಯ ಬ್ರಷ್ಷಿನಿಂದ ಅದರ ಮೇಲೆ ಕಾರ್ಬೋರಂಡಮ್ ಎಂಬ ಸಾಣೆಪುಡಿಯ ಪೇಸ್ಟನ್ನು ಸವರಿದೆ. ಈ ಕೆಲಸಕ್ಕೆ ಬ್ಯಾಕ್‌ಲ್ಯಾಪಿಂಗ್ ಎನ್ನುತ್ತಾರೆ. ಮೊದಲು ಮರಳು ಕಾಲ ಕೆಳಗೆ ಕರಕರ ಎನ್ನುವಂತೆ ಸದ್ದು ಬರುತ್ತದೆ. ಅಲಗುಗಳು ಪಟ್ಟಿಗೆ ಕೂಡಿಕೊಳ್ಳುತ್ತಿದ್ದಂತೆ ಸದ್ದು ತೆಳುವಾಗುತ್ತಾ ಹೋಗಿ ಕೊನೆಗೆ ಬರಿಯ ಪಿಸುಮಾತಿನಷ್ಟು ಉಳಿಯುತ್ತದೆ. ತೊಳೆದು, ಹೊಂದಿಸಿ, ದಿನಪತ್ರಿಕೆಯಿಂದ ಎರಡು ಬೆರಳಗಲದ ಪಟ್ಟಿಗಳನ್ನು ಹರಿದು ರೀಲಿನ ಎಡತುದಿ, ನಡು, ಬಲತುದಿಗಳಲ್ಲಿ ಹಿಡಿದು, ದಪ್ಪ ಕೈಗವಸು ಹಾಕಿದ ಇನ್ನೊಂದು ಕೈಯಿಂದ ರೀಲನ್ನು ಮೆಲ್ಲಗೆ ತಿರುಗಿಸಿ ನೋಡಿದೆ. ಅಕ್ಷರದ ಸಾಲು ನಡುವೆ ಮುರಿಯದಂತೆ ಮೂರೂ ಕಡೆ ಕಾಗದ ತುಂಡಾಯಿತು. ಸಹಿ ಮಾಡಿಸಿಕೊಂಡು ಹೊರಟೆ.

ಐದನೆಯ ದಿನ ಮತ್ತೆ ಫೋನು. ಮತ್ತೆ 250 ಕಿ.ಮೀ. ಪ್ರಯಾಣ. ಈ ಬಾರಿ ಬೆಡ್‌ನೈಫನ್ನೇ ಹೊಸದು ಹಾಕಿದೆ. ಮತ್ತೆ ಅದೇ ಕಥೆ. ಮೂರನೆಯ ಸಲ ಹೋದಾಗ ವ್ಯವಸ್ಥಾಪಕರ ಮುಖದಲ್ಲಿ ನನ್ನ ಬಗ್ಗೆ ನಂಬಿಕೆ ಕುಂದಿದ್ದು ಕಾಣುತ್ತಿತ್ತು, ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಶೆಡ್ಡಿನ ಹೊರಗೆ ಬಕೆಟ್ ಬೋರಲು ಹಾಕಿ ಕುಳಿತಿದ್ದ, ಆ ಯಂತ್ರವನ್ನು ಹನ್ನೆರಡು ವರ್ಷದಿಂದ ಓಡಿಸುತ್ತಿದ್ದ ಹಿರಿಯರೊಬ್ಬರು ನಾನು ಚಹಾ ಕುಡಿಯಲು ಬಂದಾಗ ತಾವಾಗಿಯೇ ಕೇಳಿದರು:

"ಸಾರ್, ಒಂದು ಮಾತು ಹೇಳಲಾ? ಅಂಚಿನ ಸುತ್ತು ಹೊಡೆಯುವಾಗ ಮಾತ್ರ ಅದರ ಸ್ವರ ಬದಲಾಗ್ತದೆ. ನೇರ ಹೋಗುವಾಗ ಇಲ್ಲ."

"ಯಾವ ಕಡೆ ತಿರುಗಿಸುವಾಗ, ಅಣ್ಣ?"

"ಎಡಕ್ಕೆ. ಟಕ್ ಟಕ್ ಅಂತದೆ. ಬಲಕ್ಕೆ ಸುತ್ತಿದರೆ ಏನೂ ಇಲ್ಲ."

ಗ್ರೀನನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಮುಗಿಸಿದ ಮೇಲೆ ಅದರ ಅಂಚಿನಗುಂಟ ಒಂದು ಸುತ್ತು ಹಾಕುತ್ತಾರೆ. ಆ ಒಂದು ಸುತ್ತಿನಲ್ಲಿ ಮಾತ್ರ ಯಂತ್ರ ತಿರುಗುತ್ತಲೇ ಕತ್ತರಿಸುತ್ತದೆ. ಆಗ ರೀಲಿನ ಮೇಲೆ ಪಕ್ಕದಿಂದ ಒತ್ತಡ ಬೀಳುತ್ತದೆ. ನಾನು ಎದ್ದು ಹೋಗಿ, ಎಂಜಿನ್ ಆರಿಸಿ, ಕೀಲಿ ಜೇಬಿಗಿಟ್ಟುಕೊಂಡು, ರೀಲನ್ನು ಎರಡು ಕೈಯಲ್ಲಿ ಹಿಡಿದು ಪಕ್ಕಕ್ಕೆ ಜಗ್ಗಿದೆ. ಕೂದಲೆಳೆಯಷ್ಟು ಸರಿಯಿತು. ತುದಿಯ ಬೇರಿಂಗ್ ಸಡಿಲವಾಗಿತ್ತು. ನಿಂತ ಜಾಗದಲ್ಲಿ ಎಷ್ಟೇ ಕಾಗದ ಕತ್ತರಿಸಿ ನೋಡಿದರೂ ಅದು ತಿಳಿಯುವಂತಿರಲಿಲ್ಲ, ಏಕೆಂದರೆ ನಿಂತ ರೀಲನ್ನು ಯಾರೂ ಪಕ್ಕಕ್ಕೆ ನೂಕುತ್ತಿರುವುದಿಲ್ಲ. ಪ್ರತಿ ಗ್ರೀನಿನ ಅಂಚಿನಲ್ಲಿಯೂ ರೀಲು ಸರಿದು, ಅಲಗುಗಳು ಪಟ್ಟಿಗೆ ಬಡಿದು, ದಿನಕ್ಕೆ ಹದಿನೆಂಟು ಸಲ ತಮ್ಮ ಹರಿತವನ್ನು ತಾವೇ ಕಳೆದುಕೊಳ್ಳುತ್ತಿದ್ದವು. ಬೇರಿಂಗ್ ಬಿಚ್ಚಿದಾಗ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ನೀರು ಹೋಗಿತ್ತು. ಕೆಲಸ ಮುಗಿದೊಡನೆ, ಬಿಸಿಯಾರುವ ಮೊದಲೇ, ಜೋರು ಪಂಪಿನ ನೀರನ್ನು ನೇರವಾಗಿ ಸೀಲಿಗೇ ಹಿಡಿದು ತೊಳೆಯುತ್ತಿದ್ದುದರ ಫಲ ಅದು. ಹಾಗೆ ತೊಳೆಯಬಾರದೆಂದು ತೊಳೆಯುವ ಹುಡುಗನಿಗೆ ಯಾರೂ ಹೇಳಿರಲಿಲ್ಲ, ನಾನೂ ಸೇರಿ.

ನನ್ನನ್ನು ಇಂದಿಗೂ ಕಾಡುವುದು ಬೇರಿಂಗಿನ ಸಂಗತಿಯಲ್ಲ. ಮೊದಲ ದಿನವೇ ಆ ಹಿರಿಯರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ನಾನು ದೂರು ಕೇಳಿದ್ದು ಕಚೇರಿಯಲ್ಲಿ, ವ್ಯವಸ್ಥಾಪಕರಿಂದ. ಅವರು ಕೇಳಿದ್ದು ಮೇಲ್ವಿಚಾರಕರಿಂದ. ಮೇಲ್ವಿಚಾರಕರು ಹುಲ್ಲು ನೋಡಿ ಹೇಳಿದ್ದರು. ಯಂತ್ರದ ಮೇಲೆ ಕುಳಿತು, ಅದರ ನಡುಕವನ್ನು ಬೆನ್ನುಹುರಿಯಲ್ಲಿ ಅನುಭವಿಸುವ ಒಬ್ಬರೇ ಒಬ್ಬರನ್ನು ಯಾರೂ ಏನೂ ಕೇಳಿರಲಿಲ್ಲ. ಮೊದಲೇ ಏಕೆ ಹೇಳಲಿಲ್ಲ ಅಣ್ಣ ಎಂದದ್ದಕ್ಕೆ ಅವರು, "ದೊಡ್ಡ ಊರಿಂದ ಬಂದವರು, ನಿಮಗೆ ಗೊತ್ತಿರ್ತದೆ ಅಂದುಕೊಂಡೆ" ಎಂದರು. ಅವರ ದನಿಯಲ್ಲಿ ಆಕ್ಷೇಪವೇ ಇರಲಿಲ್ಲ. ಮೂರು ಸಲದ ಡೀಸೆಲ್, ಒಂದು ಹೊಸ ಬೆಡ್‌ನೈಫ್, ಎರಡು ವಾರ ಹರಿದ ತುದಿಗಳಿಂದ ಬಳಲಿದ ಹುಲ್ಲು ಎಲ್ಲವೂ ನಾನು ಕೇಳದ ಒಂದು ಪ್ರಶ್ನೆಯ ಬೆಲೆ.

ಅಂದಿನಿಂದ ಯಂತ್ರ ಓಡಿಸುವವರು ಬರದ ಹೊರತು ನಾನು ಪೆಟ್ಟಿಗೆ ತೆರೆಯುವುದಿಲ್ಲ. ಕೆಲವರಿಗೆ ಇದು ಹಿಡಿಸುವುದಿಲ್ಲ. "ಅವನಿಗೇನು ಗೊತ್ತು, ನೀವು ನೋಡಿ" ಎನ್ನುತ್ತಾರೆ. ನಾನು ಕಾಯುತ್ತೇನೆ. ಬಂದವರನ್ನು ಕೇಳುವ ಪ್ರಶ್ನೆಗಳು ಸರಳವಾದವು: ಸದ್ದು ಯಾವಾಗ ಬರುತ್ತದೆ, ತಣ್ಣಗಿದ್ದಾಗಲೋ ಕಾದ ಮೇಲೋ, ಏರಿನಲ್ಲೋ ಇಳಿಜಾರಿನಲ್ಲೋ, ಹಿಂದಿನ ದಿನ ಏನಾದರೂ ಬದಲಾಗಿತ್ತೇ. ಏರಿನಲ್ಲಿ, ಅದೂ ಒಂದು ಗಂಟೆ ಓಡಿದ ಮೇಲೆ ಎಳೆಯುವುದಿಲ್ಲ ಎಂದರೆ ನನ್ನ ಯೋಚನೆ ಹೈಡ್ರಾಲಿಕ್ ಪಂಪಿನತ್ತ ಹೋಗುತ್ತದೆ, ಏಕೆಂದರೆ ಕಾದ ಎಣ್ಣೆ ತೆಳುವಾಗಿ, ಸವೆದ ಭಾಗಗಳ ಸಂದಿನಲ್ಲಿ ನುಸುಳಿ ಒತ್ತಡ ಕಳೆದುಕೊಳ್ಳುತ್ತದೆ. ಸೀಟಿನಲ್ಲಿ ಸ್ವಲ್ಪ ಮುಂದೆ ಸರಿದಾಗ ಎಂಜಿನ್ ಆಫ್ ಆಗುತ್ತದೆ ಎಂದರೆ ಸೀಟಿನಡಿಯ ಸುರಕ್ಷಾ ಸ್ವಿಚ್ಚು ನೋಡಬೇಕು. ಮಲ್ಟಿಮೀಟರ್ ಹಿಡಿದು ಅರ್ಧ ದಿನ ಹುಡುಕುವುದನ್ನು ಇಂಥ ಒಂದು ಮಾತು ಐದು ನಿಮಿಷಕ್ಕೆ ಇಳಿಸುತ್ತದೆ.

ಎಣ್ಣೆಯ ಮಾತು ಬಂದದ್ದರಿಂದ ನನ್ನ ಕೈಯಿಂದಲೇ ಆದ ಒಂದು ಅನಾಹುತವನ್ನೂ ಹೇಳಬೇಕು. ಪೀಣ್ಯದಲ್ಲಿ ಹೊಸದಾಗಿ ಮಾಡಿಸಿ ತಂದ ಹೈಡ್ರಾಲಿಕ್ ಹೋಸನ್ನು ಸಂಜೆ ಕತ್ತಲಾಗುವ ಹೊತ್ತಿಗೆ ಹಾಕಿ, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ತನ್ನ ತೋಡಿನಲ್ಲಿ ಸರಿಯಾಗಿ ಕುಳಿತಿದೆಯೇ ಎಂದು ಮತ್ತೊಮ್ಮೆ ನೋಡದೆ ಬಿಗಿದುಬಿಟ್ಟೆ. ಶೆಡ್ಡಿನಲ್ಲಿ ಐದು ನಿಮಿಷ ಓಡಿಸಿದಾಗ ಒಂದು ಹನಿಯೂ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಎಣ್ಣೆ ಚೆನ್ನಾಗಿ ಕಾದ ಮೇಲೆ, ನಾಲ್ಕನೆಯ ಗ್ರೀನಿನಲ್ಲಿ, ಓ-ರಿಂಗ್ ಕಿತ್ತುಬಂತು. ಓಡಿಸುತ್ತಿದ್ದ ಯುವಕ ತಕ್ಷಣ ಗ್ರೀನಿನಿಂದ ಹೊರಗೆ ತೆಗೆದ, ಆದರೆ ಅಷ್ಟರಲ್ಲಿ ಹನ್ನೆರಡು ಅಡಿ ಉದ್ದದ ಗೆರೆ ಬಿದ್ದಾಗಿತ್ತು. ಮುಟ್ಟಲಾಗದಷ್ಟು ಕಾದ ಎಣ್ಣೆ ಬಿದ್ದೊಡನೆಯೇ ಹುಲ್ಲನ್ನು ಸುಡುತ್ತದೆ. ಉಜ್ಜಿದರೆ ಇನ್ನಷ್ಟು ಹರಡುತ್ತದೆ. ಮರದ ಹೊಟ್ಟು ಸುರಿದು, ಎಣ್ಣೆ ಹೀರಿಸಿ, ಸೋಪಿನ ನೀರು ಹಾಕಿ ತೊಳೆದೆವು. ಎರಡು ದಿನಕ್ಕೆ ಆ ಗೆರೆ ಅಚ್ಚು ಹೊಡೆದಂತೆ ಕಂದಾಗಿ ಎದ್ದುನಿಂತಿತು. ಕೊನೆಗೆ ಸತ್ತ ಹುಲ್ಲನ್ನು ಮಣ್ಣುಸಹಿತ ಕೊರೆದು ತೆಗೆದು, ನರ್ಸರಿಯ ಹುಲ್ಲಿನ ತುಂಡುಗಳನ್ನು ಒಂದೊಂದಾಗಿ ಕೂರಿಸಬೇಕಾಯಿತು. ಆ ಕೆಲಸವನ್ನು ಮಾಡಿದ ಹೆಂಗಸರ ಪಕ್ಕದಲ್ಲಿ ನಾನೂ ಕುಳಿತೆ. ಹೋಸು ಹಾಕಿದ ಮೇಲೆ ಎಣ್ಣೆ ಕಾಯುವವರೆಗೆ ಯಂತ್ರವನ್ನು ರಸ್ತೆಯ ಮೇಲೆ ಓಡಿಸದೆ ಹುಲ್ಲಿಗೆ ಬಿಡಬಾರದೆಂಬ ನಿಯಮ ಅಂದು ನನ್ನದಾಯಿತು.

ಸಣ್ಣ ಪೆಟ್ರೋಲ್ ಎಂಜಿನುಗಳ ವಿಷಯದಲ್ಲಿ ಈಚೆಗೆ ಇನ್ನೊಂದು ತೊಡಕು ಹೆಚ್ಚಾಗಿದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ನೀಡಲಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ದಿನವೂ ಓಡುವ ಬೈಕಿನಲ್ಲಿ ಇದು ಅಷ್ಟಾಗಿ ಕಾಣದು. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನ ಮಳೆಯಲ್ಲಿ ಶೆಡ್ಡಿನ ಮೂಲೆಯಲ್ಲಿ ನಿಂತ ಮೋವರಿನ ಕಾರ್ಬುರೇಟರಿನಲ್ಲಿ ಹಳೆಯ ಪೆಟ್ರೋಲು ಉಳಿದರೆ, ನೀರು ಬೇರ್ಪಟ್ಟು ತಳದಲ್ಲಿ ಕೂತು, ಸೂಜಿಮೊನೆಯಷ್ಟಿರುವ ಜೆಟ್ಟಿನ ರಂಧ್ರವನ್ನು ಬಿಳಿಯ ಪುಡಿ ಮುಚ್ಚಿಬಿಡುತ್ತದೆ. ಮಳೆಗಾಲಕ್ಕೆ ಮುನ್ನ ಪೆಟ್ರೋಲಿನ ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ ಎಂದು ಹೋದಲ್ಲೆಲ್ಲ ಹೇಳುತ್ತೇನೆ. ಇದನ್ನೂ ಕಚೇರಿಯಲ್ಲಿ ಹೇಳಿದರೆ ಕೆಳಗೆ ಇಳಿಯುವುದಿಲ್ಲ; ಶೆಡ್ಡಿನಲ್ಲಿ, ಕೈಯಿಂದ ಮಾಡಿ ತೋರಿಸಿ ಹೇಳಬೇಕು.

2017ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಸಬ್‌ಏರ್ ವ್ಯವಸ್ಥೆ ಬಂದಾಗ, ಮಳೆ ನಿಂತ ಕೆಲವೇ ನಿಮಿಷಗಳಲ್ಲಿ ನೆಲದಡಿಯ ಪೈಪುಗಳು ನೀರನ್ನು ಹೀರಿಬಿಡುತ್ತವೆ ಎಂದು ಪತ್ರಿಕೆಗಳು ಸಂಭ್ರಮದಿಂದ ಬರೆದವು. ಸಂಭ್ರಮ ಪಡಬೇಕಾದದ್ದೇ ಅದು. ಅಂಥ ನೆಲದ ಮೇಲೂ ಯಾರೋ ಒಬ್ಬರು ದಿನವೂ ಮೋವರ್ ಓಡಿಸುತ್ತಾರೆ, ಅವರ ಕಿವಿಗೂ ಏನೋ ಕೇಳಿಸುತ್ತಿರುತ್ತದೆ ಎಂಬುದು ಮಾತ್ರ ಎಲ್ಲಿಯೂ ಅಚ್ಚಾಗಲಿಲ್ಲ. ಸರ್ವಿಸ್ ವರದಿಯಲ್ಲಿ ‘ದೂರು’ ಎಂಬ ಕಾಲಮ್ಮಿನಲ್ಲಿ ನಾನು ಈಗ ಓಡಿಸುವವರ ಮಾತನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ. ‘ಎಡಕ್ಕೆ ತಿರುಗಿಸುವಾಗ ಟಕ್ ಟಕ್’ ಎಂದು ಬರೆದ ಹಾಳೆಗೆ ವ್ಯವಸ್ಥಾಪಕರೇ ಸಹಿ ಹಾಕಬೇಕಾಗುತ್ತದೆ, ಮುಂದಿನ ಸಲ ಬರುವ ತಂತ್ರಜ್ಞ ನಾನಲ್ಲದಿದ್ದರೂ ಅದನ್ನು ಓದುತ್ತಾನೆ.

ಕಳೆದ ಆಯುಧಪೂಜೆಯ ಮುನ್ನಾದಿನ ಆ ಕೊಡಗಿನ ಕೋರ್ಸಿಗೆ ಹೋಗಿದ್ದೆ. ಯಂತ್ರಗಳನ್ನೆಲ್ಲ ಮೆಲ್ಲಗೆ ಹರಿಯುವ ನೀರಿನಲ್ಲಿ, ಸೀಲುಗಳಿಗೆ ತಾಗದಂತೆ ತೊಳೆದು ಸಾಲಾಗಿ ನಿಲ್ಲಿಸಿದ್ದರು. ಹಿರಿಯರು ಆ ವರ್ಷದ ಕೊನೆಗೆ ನಿವೃತ್ತಿಯಾಗುವವರಿದ್ದರು. ಅವರು ತಮ್ಮ ಜಾಗಕ್ಕೆ ಬರಲಿರುವ ಹುಡುಗನನ್ನು ಯಂತ್ರದ ಮೇಲೆ ಕೂರಿಸಿ, ಹದಿನೆಂಟನೆಯ ಗ್ರೀನಿನ ಅಂಚಿನ ಸುತ್ತು ಹೊಡೆಸುತ್ತಿದ್ದರು. ತಾವು ಯಂತ್ರದ ಪಕ್ಕದಲ್ಲಿಯೇ, ಹತ್ತು ಅಡಿ ದೂರದಲ್ಲಿ, ತಲೆ ಒಂದು ಕಡೆಗೆ ವಾಲಿಸಿಕೊಂಡು ನಡೆಯುತ್ತಿದ್ದರು. ಸುತ್ತು ಮುಗಿದು ರೀಲುಗಳು ಮೇಲೆದ್ದ ಮೇಲೆ ಹುಡುಗನಿಗೆ ಎಂಜಿನ್ ಆರಿಸುವಂತೆ ಸನ್ನೆ ಮಾಡಿ, "ಏನು ಕೇಳಿಸಿತು?" ಎಂದು ಕೇಳಿದರು.

"ಏನೂ ಇಲ್ಲ, ಮಾವ" ಎಂದ ಅವನು.

"ಆ ಏನೂ ಇಲ್ಲದ್ದನ್ನು ಜ್ಞಾಪಕ ಇಟ್ಟುಕೋ" ಎಂದರು ಅವರು, ಮತ್ತೆ ನನ್ನ ಕಡೆ ತಿರುಗಿ, ಕಾಗದದ ಪಟ್ಟಿಗೆಂದು ಹಿಂದಿನ ದಿನದ ಪೇಪರು ಕೊಡಿ ಎಂದು ಕೈ ಚಾಚಿದರು.